ಬೊಳ್ಳಿ

ಕ್ಲಬ್ಬಿನ ಫಾರಮ್ಮಿನಲ್ಲಿ ‘ತುರ್ತಿಗೆ ಬರುವಿರಾ?’ ಎಂದಿದ್ದಲ್ಲಿ
ಟಿಕ್ ಹಾಕಿದ್ದು ನಾನು;
ಬೊಳ್ಳಿಯನ್ನು ಯಾರೂ ಕೇಳಿರಲಿಲ್ಲ.

ಕೂಳೂರಿನ ತಗ್ಗಿನಲ್ಲಿ ಹೊಳೆ ರಸ್ತೆಗೇ ಬಂದಿತ್ತು.
ಜೀಪು ಹೂತಿತು. ದೋಣಿಗೆ ನೀರು ಸಾಲದು.
‘ಕುದುರೆ ಆದೀತು’ ಎಂದರು ಹೋಮ್‌ಗಾರ್ಡ್ ಲೋಕಯ್ಯಣ್ಣ,
ಅಷ್ಟೇನೂ ನಂಬಿಕೆಯಿಲ್ಲದೆ.

ಪಣಂಬೂರಿನ ಮರಳಲ್ಲಿ ಮಕ್ಕಳನ್ನು ಹೊರುವಾಗ
ನೊರೆ ಗೊರಸಿಗೆ ತಾಗಿದರೂ ಹಿಂದೆ ಸರಿಯುವವಳು.
ಇವತ್ತು ಬೆನ್ನ ಮೇಲೆ
ಥರ್ಮಾಸಿನೊಳಗೆ ಇನ್ಸುಲಿನ್.
ಒಂದು ಹೆಜ್ಜೆ. ಕಿವಿ ಹಿಂದಕ್ಕೆ.
ಇನ್ನೊಂದು.
ಚರಂಡಿ ಎಲ್ಲಿ ಬಾಯ್ದೆರೆದಿದೆಯೋ ನನಗೆ ತಿಳಿಯದು;
ಹಗ್ಗ ಹಿಡಿದು
ಅವಳು ನಿಂತಲ್ಲಿ ನಿಂತೆ, ಬಳಸಿದಲ್ಲಿ ಬಳಸಿದೆ.

ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಅಪೊಲಿನ್ ಬಾಯಿ
ಔಷಧ ಪಕ್ಕಕ್ಕಿಟ್ಟರು:
‘ಪಾಪ, ಇದಕ್ಕೆ ಬೆಲ್ಲ ಆಗ್ತದಾ?
ನಾನಂತೂ ಮುಟ್ಟುವ ಹಾಗಿಲ್ಲ.’

ಬೊಳ್ಳಿ ಮೂತಿ ಚಾಚಿದಳು.
ಅವಳ ಸಹಿ ಬಿದ್ದದ್ದು
ಆ ಅಂಗೈ ಮೇಲೆ, ಒದ್ದೆಯಾಗಿ.