ಕದಲದ ಚುಕ್ಕಿ

"ಅಕ್ಕಾ, ಒಸಿ ಬಂದೋಗಿ" ಅಂತ ಇಲಿಯಾಸ್ ಕರೆದಾಗ
ನನ್ನ ಕೈಯಲ್ಲಿ ಯಾರದೋ ಕಫದ ಗಾಜು.
ಗೋಡೆಗೆ ಗೋಡೆ ನಮ್ಮದು. ಈಚೆ ರಕ್ತ ಮೂತ್ರ ಪರೀಕ್ಷೆ,
ಆಚೆ ಕನ್ನಡಕ.
ಮಂಡ್ಯದ ಗುತ್ತಲು ರಸ್ತೆಯ ಧೂಳು ಇಬ್ಬರಿಗೂ ಸಮ.

ಅವನ ಫ್ರೇಮುಗಳ ನಡುವೆ
ಮೂರಡಿ ಉದ್ದದ ಸಮುದ್ರ.
ಬೋರಿನ ನೀರು ಸೋಸಿ, ಡಬ್ಬದ ಉಪ್ಪು ಕಲಸಿ
ಅವನೇ ಮಾಡಿಕೊಂಡದ್ದು.
ಅಳೆಯಲು ಒಂದು ಗಿಡ್ಡ ಕೊಳವೆ. ತುದಿಗೆ ಒಂದು ತೊಟ್ಟು ನೀರಿಟ್ಟು
ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾನೆ.
ಅವನಪ್ಪ ಸಕ್ಕರೆ ಕಾರ್ಖಾನೆಯಲ್ಲಿ
ಇಂಥದೇ ಕೊಳವೆಯಲ್ಲಿ ಕಬ್ಬಿನ ಹಾಲು ನೋಡುತ್ತಿದ್ದರಂತೆ,
ಇದೇ ಥರ, ಎಡಗಣ್ಣು ಮುಚ್ಚಿ.
ಅಪ್ಪನಿಗೆ ಸಿಹಿ ಎಷ್ಟು, ಮಗನಿಗೆ ಉಪ್ಪು ಎಷ್ಟು.
ಬೆಳಕು ಬಾಗುವುದು ಎರಡಕ್ಕೂ.

ಮೀನು ಕಿತ್ತಳೆ ಬಣ್ಣದ್ದು, ಮೂರು ಬಿಳಿ ಪಟ್ಟೆ,
ಹೆಬ್ಬೆಟ್ಟಿನಷ್ಟು ಮೈ, ಊರಗೌಡನಷ್ಟು ಗತ್ತು.
ಎಡ ರೆಕ್ಕೆಯ ಅಂಚಲ್ಲಿ ಈಗ
ರಾಗಿಕಾಳಿನಷ್ಟು ಏನೋ, ಬೆಳ್ಳಗೆ. ಪಕ್ಕದಲ್ಲಿ ಇನ್ನೊಂದು.

ನೋಡಿದವರೆಲ್ಲ ಡಾಕ್ಟರೇ.
"ಅಮ್ಮ ಆಗದೆ, ಬೇವಿನ ಸೊಪ್ಪು ಬುಡು" ಎಂದಳು ಹೂವಿನ ನಿಂಗಾಜಮ್ಮ.
"ತೊನ್ನು" ಎಂದರು ಒಬ್ಬ ಮೇಷ್ಟ್ರು,
ಇನ್ನೂ ಗಾಜು ಕೂರಿಸದ ಫ್ರೇಮಿನೊಳಗಿಂದ.
ಇಲಿಯಾಸನ ಕೈಯಲ್ಲಾಗಲೇ ತಾಮ್ರದ ಮದ್ದಿನ ಸೀಸೆ.

"ತಾಳು" ಅಂದೆ.
ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಬಗ್ಗಿದ ಕತ್ತು ನನ್ನದು,
ಅದಕ್ಕೆ ಗೊತ್ತಿರುವುದು ಇಷ್ಟೇ:
ಒಂದು ಸಲ ನೋಡಿದ್ದು ನೋಡಿದ್ದಲ್ಲ.
ಕಫವನ್ನೂ ಎರಡು ಬೆಳಿಗ್ಗೆ ಕೇಳುತ್ತೇವೆ.
ಅದೇ ನೀರಲ್ಲಿ ಸೀಗಡಿ ಇದೆ, ಹೂವಿನಂಥ ಆ ಪ್ರಾಣಿ ಇದೆ;
ತಪ್ಪಿತಸ್ಥ ಯಾರೆಂದು ತಾಮ್ರ ವಿಚಾರಿಸುವುದಿಲ್ಲ.

ಬಿಲ್ಲು ಪುಸ್ತಕದ ಹಿಂದೆ ಮೀನು ಬರೆದೆ,
ಬದನೆಕಾಯಿಯ ಹಾಗೆ ಬಂತು.
ಚುಕ್ಕಿ ಇದ್ದಲ್ಲಿ ಚುಕ್ಕಿ ಇಟ್ಟೆ.
ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಅವನ ಭೂತಗನ್ನಡಿ ಹಿಡಿದು,
ಸೋಮವಾರ ಒಂದು ಬದನೆಕಾಯಿ. ಮಂಗಳವಾರ ಒಂದು.
ಹಿಟ್ಟು ಸವರಿದ ಹಾಗಿದ್ದರೆ ಒಂದು ರೋಗ,
ಲೋಳೆ ಸುಲಿದು ನೇತಾಡಿದರೆ ಇನ್ನೊಂದು.
ಉಪ್ಪು ಎರಚಿದ ಹಾಗೆ ಎದ್ದು, ಮೀನು ಮೈ ಕಲ್ಲಿಗೆ ತಿಕ್ಕಿ,
ನಾಕನೇ ದಿನ ಚುಕ್ಕಿ ಮಾಯವಾದರೆ
ಆಗ ಹೆದರು, ಇಲಿಯಾಸ್.
ವಾಸಿಯಾಗಿ ಹೋದದ್ದಲ್ಲ ಅದು. ಮರಳಿಗಿಳಿದು
ಒಂದು ನೂರಾಗಿ ಬರಲು ಹೋದದ್ದು.

ಬುಧವಾರ ಕರೆಂಟಿರಲಿಲ್ಲ.
ಗಾಳಿ ಊದುವ ಮೋಟಾರಿಗೆ ಬ್ಯಾಟರಿ ಕಟ್ಟಿ
ಅದರ ಗುರುಗುರು ಕೇಳುತ್ತ ಕೂತಿದ್ದ. ಟಾರ್ಚಿನಲ್ಲಿ ನೋಡಿ ಬರೆದೆ.

ಗುರುವಾರವೂ ಅಲ್ಲೇ.
ಅದೇ ಅಂಚು, ಅವೇ ಎರಡು. ಒಸಿ ದಪ್ಪ,
ಹೂಕೋಸಿನ ಚೂರಿನಂತೆ ಒರಟು.
ಮೀನು ಮಾತ್ರ ಗಾಜಿಗೆ ಮೂತಿ ಕುಟ್ಟಿ ಊಟ ಕೇಳುತ್ತಿತ್ತು.

"ನರಹುಲಿ ಕಣೋ."
"ನಮಗಾಗೋ ಥರದ್ದಾ?"
"ಆ ಥರದ್ದೇ ಅನ್ಕೋ. ಮದ್ದಿಲ್ಲ, ಬೇಕಾಗೂ ಇಲ್ಲ.
ಹೊಟ್ಟೆತುಂಬ ಹಾಕು. ನೀರು ಚೊಕ್ಕ ಇಡು. ಹೆದರಿಸ್ಬ್ಯಾಡ."

ಹೇಳುತ್ತ ನನ್ನ ಬೆರಳು ನೋಡಿಕೊಂಡೆ.
ಎಂಟನೇ ವಯಸ್ಸಿನಲ್ಲಿ ಇಲ್ಲಿ ಏಳಿದ್ದವು.
ಕುಂಟೆಬಿಲ್ಲೆಗೆ ಕರೆಯುತ್ತಿದ್ದರು, ಕೈ ಮಾತ್ರ ಹಿಡಿಯುತ್ತಿರಲಿಲ್ಲ.
ಅವ್ವ ಒಂದು ಹಿಡಿ ಕಲ್ಲುಪ್ಪು ಕೊಟ್ಟು
ಕೊಳದ ಮೆಟ್ಟಿಲ ಮೇಲೆ ನಿಲ್ಲಿಸಿದ್ದಳು.
"ಹಾಕ್ಬುಟ್ಟು ತಿರುಗಿ ನೋಡ್ಬ್ಯಾಡ.
ಉಪ್ಪು ಕರಗ್ದಂಗೆ ಕರಗೋಗ್ಲಿ."
ಕರಗಿದವು. ಯಾವಾಗ ಅಂತ ನೆನಪಿಲ್ಲ.
ಒಂದು ದಿನ ಎಣಿಸಲು ಹೋದರೆ ಇರಲಿಲ್ಲ.

ಇದಕ್ಕೆ ಯಾವ ಹರಕೆ ಹೊರಲಿ,
ಕಣ್ಣು ಬಿಟ್ಟಾಗಿನಿಂದ ಉಪ್ಪಲ್ಲೇ ಮುಳುಗಿರುವುದಕ್ಕೆ?

ಇಲಿಯಾಸ್ ಸೀಸೆಯ ಮುಚ್ಚಳ ತಿರುಗಿಸಿದ.
ಯಾರೋ ಬಂದರು, ಓದುವ ಕನ್ನಡಕಕ್ಕೆ.
ನಾನು ನನ್ನ ಗಾಜಿಗೆ ಮರಳಿದೆ.
ಬಿಲ್ಲು ಪುಸ್ತಕ ಅವನ ಮೇಜಿನ ಮೇಲೇ ಇದೆ,
ಹಿಂದಿನ ಹಾಳೆಯಲ್ಲಿ ನಾಕು ಬದನೆಕಾಯಿ,
ಐದನೆಯದಕ್ಕೆ ಜಾಗ.