ಹನ್ನೆರಡು ಪೌಂಡ್ ಗಾಳಿ

ಅರಬೈಲ್ ಘಟ್ಟದ ಮೂರನೇ ತಿರುವಿಗೆ ಬಂದರೆ
ಕಾರಿಗೆ ಉಸಿರು ಸಾಲುವುದಿಲ್ಲ, ಅಂದರು
ಸುಲಕ್ಷಾ ಕೊಠಾರಕರ್ ಟೀಚರು.
ಹಿಂದೆ ಕಪ್ಪು ಹೊಗೆ, ಅದರ ಹಿಂದೆ ಲಾರಿಯವನ ಹಾರ್ನು,
ಕಾಲು ಒತ್ತಿದಷ್ಟೂ ಕಾರು ಯೋಚನೆ ಮಾಡುತ್ತದಂತೆ.
ಟರ್ಬೋ ಹೋಗಿದೆ ಅಂತ ಹುಬ್ಬಳ್ಳಿಯಲ್ಲಿ ಬರೆದುಕೊಟ್ಟಿದ್ದರು.
ನಲವತ್ತೆರಡು ಸಾವಿರ. ಚೀಟಿ ತೋರಿಸಿದರು.

ಗಣಬಾ ಹರಿಕಂತ್ರ ಚೀಟಿ ಓದಲಿಲ್ಲ.
ನಾಲ್ಕು ಮಡಿಕೆ ಮಾಡಿ
ಬಾನೆಟ್ಟಿನ ಕಡ್ಡಿ ಅಲುಗದ ಹಾಗೆ ಸಂದಿಗೆ ಸಿಕ್ಕಿಸಿದ.

ಕೋಡಿಬಾಗದ ನಮ್ಮ ಗ್ಯಾರೇಜಿನಲ್ಲಿ ಸ್ಕ್ಯಾನರ್ ಇದೆ,
ಅದರ ವಾಯರು ಇಲಿ ಕಡಿದಿದೆ.
ಪ್ಲಂಬರ್ ಅಂಗಡಿಯ ಪಿವಿಸಿ ಮುಚ್ಚಳಕ್ಕೆ ತೂತು ಕೊರೆದು
ಟೈರಿನ ವಾಲ್ವು ಕೂರಿಸಿದ ಸಾಮಾನೂ ಒಂದಿದೆ.
ಅದಕ್ಕೆ ಹೆಸರಿಲ್ಲ. ‘ಅದು ತಾ’ ಅಂದರೆ ಅದೇ.

ಫಿಲ್ಟರಿನ ಪೈಪು ಬಿಚ್ಚಿ, ಟರ್ಬೋದ ಬಾಯಿಗೆ ಅದನ್ನು ಬಿಗಿದು,
ಕಂಪ್ರೆಸರಿನ ನಳಿಗೆ ಸಿಕ್ಕಿಸಿದೆ.
‘ಹನ್ನೆರಡು ಪೌಂಡು ಸಾಕು,
ಹೆಚ್ಚು ಊದಿದರೆ ಇಲ್ಲದ ಗಾಯ ನಾವೇ ಮಾಡಿದ ಹಾಗೆ.’
ಮುಳ್ಳು ಹನ್ನೆರಡಕ್ಕೆ ಏರಿತು. ಗಾಳಿ ಬಂದ್ ಮಾಡಿದೆ.
ಹನ್ನೊಂದು.
ಒಂಬತ್ತು.
‘ಸ್ವಲ್ಪ ಇಳಿದೇ ಇಳಿಯುತ್ತದೆ. ಇದು ಸ್ವಲ್ಪ ಅಲ್ಲ.’

ಪಕ್ಕದ ಇನಾಸನಿಗೆ ಗ್ರೈಂಡರ್ ನಿಲ್ಲಿಸು ಅಂತ ಕೂಗಿದೆ.
ಫ್ಯಾನು ಆರಿಸಿದೆ. ಬಂಗಡೆ ಬಂಗಡೆ ಎನ್ನುತ್ತಿದ್ದ ಟೆಂಪೋ
ಕಾಳಿ ಸೇತುವೆಯ ಕಡೆ ಹೋಗಿ ಮುಗಿಯುವ ತನಕ ಕಾದೆವು.
ಆಮೇಲೆ ಕೇಳಿತು,
ಸೀಟಿ ಹಾಕುವ ಮೊದಲು ಕುಕ್ಕರು ಮಾಡುವಷ್ಟು ಸಣ್ಣಗೆ.
ಕೇಳಿದ್ದು ನನಗೆ.

ಗಣಬಾನಿಗೆ ಕೇಳುವುದಿಲ್ಲ.
ಹತ್ತೊಂಬತ್ತು ವರ್ಷ ಟ್ರಾಲರಿನ ಹೊಟ್ಟೆಯಲ್ಲಿ
ಇಂಜಿನ್ನಿನ ಪಕ್ಕ ಮಲಗಿ ಎದ್ದವನು.
ಬಲಗಿವಿ ಬೇಲೆಕೇರಿಯ ಆಚೆ ಎಲ್ಲೋ ನೀರಿಗೆ ಬಿತ್ತು,
ಎಡಗಿವಿ ಅರ್ಧ ಮಾತ್ರ ದಡಕ್ಕೆ ಬಂತು ಅನ್ನುತ್ತಾನೆ.
ಅವನು ಕೆಳತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು
ಪೈಪಿನುದ್ದಕ್ಕೂ ಮುಖ ಸರಿಸುತ್ತ ಹೋದ,
ಮಲಗಿದ ಕೂಸು ಉಸಿರಾಡುತ್ತಿದೆಯೋ ಎಂದು ನೋಡುವವರ ಹಾಗೆ.
ತುಟಿಗೆ ತಣ್ಣಗಾದ ಕಡೆ ನಿಂತ.
‘ಶಾಂಪೂ.’

ಒಂದು ರೂಪಾಯಿಯ ಪೊಟ್ಟಣ, ಅರ್ಧ ಬಾಟಲಿ ನೀರು.
ಇಂಟರ್‌ಕೂಲರಿನ ಅಡಿಗೆ, ಕೈ ನುಸುಳದ ಕಡೆ,
ಟಾರ್ಚು ಬಿಟ್ಟು ಚಿಮುಕಿಸಿದೆ.
ಮೊದಲು ಏನೂ ಇಲ್ಲ. ಆಮೇಲೆ
ಹೊಯಿಗೆಯ ಬಿಲದ ಬಾಯಲ್ಲಿ ಏಡಿ ನೊರೆ ಕಾರಿದ ಹಾಗೆ
ಗುಳ್ಳೆ, ಗುಳ್ಳೆಯ ಬೆನ್ನಿಗೆ ಗುಳ್ಳೆ.
ಒಂದರೊಳಗೆ ನಮ್ಮ ಟ್ಯೂಬ್‌ಲೈಟು ಬಗ್ಗಿಕೊಂಡು ಕಂಡಿತು.

‘ಇಷ್ಟಕ್ಕೇನಾ?’ ಅಂದರು ಟೀಚರು.
‘ಇಷ್ಟೇ. ನಿಂತಾಗ ಮುಚ್ಚಿಕೊಂಡೇ ಇರುತ್ತದೆ.
ಘಟ್ಟ ಹತ್ತುವಾಗ ಒಳಗೆ ಒತ್ತಡ ನೋಡಿ, ಆಗ ತುಟಿ ಬಿಚ್ಚುತ್ತದೆ.’

ನಾನು ನೋಡುತ್ತಿದ್ದುದು ಗುಳ್ಳೆಯನ್ನಲ್ಲ.
ಕ್ಲಾಂಪಿನ ಸ್ಕ್ರೂ ತಲೆಯ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ.
ಬಿಗಿದಾಯಿತು ಅನ್ನುವುದಕ್ಕೆ ಇಲ್ಲಿ ಚುಕ್ಕೆ ಇಡುತ್ತೇವೆ.
ಗಣಬಾನದು ಬಿಳಿ. ಹಳದಿ ನನ್ನದು.
ಮಳೆಗಾಲಕ್ಕೆ ಮೊದಲು ಇದೇ ಕಾರಿನ ರೇಡಿಯೇಟರ್ ಇಳಿಸಿ ಏರಿಸಿದ ದಿನ
ಸದಾಶಿವಗಡದಲ್ಲಿ ನಮ್ಮ ಟೀಮಿನ ಫೈನಲ್ ಇತ್ತು,
ಕ್ಲಾಂಪು ಪೈಪಿನ ಅಂಚು ಹತ್ತಿ ಓರೆಯಾಗಿ ಕೂತಿತ್ತು.
ಆಗ ಕಂಡಿರಲಿಲ್ಲವೇ?
ಕಂಡಿತ್ತು.

ಗಣಬಾ ಹೆಬ್ಬೆರಳಲ್ಲಿ ನೊರೆ ಒರೆಸಿದ.
ನೊರೆಯ ಜೊತೆಗೇ ಉಗುರಲ್ಲಿ ಚುಕ್ಕೆಯನ್ನೂ ಕೆರೆದ.
‘ಉಪ್ಪು ಗಾಳಿ, ಟೀಚರ್.
ಕಾರವಾರದಲ್ಲಿ ಕಬ್ಬಿಣದ ಆಯುಷ್ಯ ಎಷ್ಟು?’
ಹೊಸ ಕ್ಲಾಂಪಿಗೆ ಎಂಬತ್ತು. ಶಾಂಪೂ ಲೆಕ್ಕಕ್ಕಿಲ್ಲ.
ಸ್ಕ್ರೂಡ್ರೈವರ್ ಮಾತ್ರ ನನ್ನ ಕೈಗೇ ಕೊಟ್ಟ,
ಕೊಟ್ಟು ಚಹಾಕ್ಕೆ ಹೋದ.

ಸಂಜೆ ಐದರ ಮೇಲೆ ಫೋನು ಬಂತು.
ಹೆಸರು ನೋಡಿ ನನ್ನತ್ತ ಚಾಚಿದ: ‘ನೀನೇ ಕೇಳು.’
ಆ ಕಡೆ ಮಾತಿಲ್ಲ. ತಮ್ಮ ಓಡಿಸುತ್ತಿರಬೇಕು,
ಟೀಚರು ಕಿಟಕಿಯಾಚೆ ಮೊಬೈಲು ಹಿಡಿದಿರಬೇಕು.
ಗಾಳಿ. ಎರಡನೇ ಗೇರು. ಒಂದು ತಿರುವು.
ಸಿಗ್ನಲ್ ಕಡಿದು ಮತ್ತೆ ಬಂತು.

ಕಿವಿಗೆ ಒತ್ತಿಕೊಂಡು ನಿಂತಿದ್ದೇನೆ.
ಗಣಬಾ ನನ್ನ ಮುಖವನ್ನೇ ನೋಡುತ್ತಿದ್ದಾನೆ,
ಸೋಪಿನ ನೀರು ಚಿಮುಕಿಸಿ
ಕಾದವನ ಹಾಗೆ.