ಕೊನೆಯ ದವಡೆ

ಗ್ಡೀನಿಯಾ ಬಂದರಿನ ಹಿಂದಿನ ಬೀದಿಯಲ್ಲಿ
ಹಲೀನಾ ಹಲ್ಲು ಮಾಡುತ್ತಾಳೆ,
ಹತ್ತೊಂಬತ್ತು ವರ್ಷದಿಂದ,
ತಾನು ನೋಡಿರದ ಬಾಯಿಗಳಿಗೆ.

ರಾಜೀನಾಮೆಯಲ್ಲಿ ಮೂರೇ ಸಾಲು.
ನಾಲ್ಕನೆಯದನ್ನು ಟ್ರಾಲಿಬಸ್ಸಿನಲ್ಲಿ ಬರೆದು
ಇಳಿಯುವ ಮೊದಲೇ ಹೊಡೆದುಹಾಕಿದ್ದಳು.

ಹೊಸ ಕೆಲಸ ಇನ್ನೂ ಸಿಕ್ಕಿಲ್ಲ.
ಊಟದ ಬಿಡುವಿನಲ್ಲಿ, ಮೆಟ್ಟಿಲ ಕೆಳಗೆ ನಿಂತು ಫೋನು.
'ಅಲ್ಲಿ ಬಿಡುವುದೇಕೆ?' ಕೇಳುತ್ತದೆ
ಶ್ಚೆಚಿನ್‌ನಿಂದ ಒಂದು ದನಿ.
ತಡವಾದ ಸಂಬಳ, ಮಾಲೀಕನ ಕೆಟ್ಟ ಬಾಯಿ
ಎಲ್ಲ ನಾಲಗೆಯ ತುದಿಗೆ ಬಂದು
ಹಲ್ಲಿನ ಹಿಂದೆ ನಿಲ್ಲುತ್ತವೆ.
'ಹೊಸದೇನಾದರೂ ಕಲಿಯೋಣವೆಂದು.'
ಅದೂ ಸುಳ್ಳಲ್ಲ.

ಸಂಜೆ ಹುಡುಗ ವಿಟೆಕ್‌ಗೆ ಹೇಳಿಕೊಡುತ್ತಾಳೆ:
ಹಲ್ಲಿನ ಬಣ್ಣ ನೋಡುವುದು ದೀಪ ಆರಿಸಿ,
ಬಡಗಣ ಕಿಟಕಿಯಲ್ಲಿ.
ಮೇಣಕ್ಕೆ ಅವಸರ ಆಗದು.
ಅವಳಿಗಿದನ್ನು ಯಾರೂ ಹೇಳಿರಲಿಲ್ಲ.

ಕೊನೆಯ ಶುಕ್ರವಾರ. ಒಂದು ಕೆಳದವಡೆ ಬಾಕಿ,
ಯಾರೋ ಮೀನುಗಾರನದು,
ಚೀಟಿಯಲ್ಲಿ ವಯಸ್ಸು ಎಂಬತ್ತೊಂದು.
ಸೋಮವಾರ ವಿಟೆಕ್ ಮಾಡಬಹುದಿತ್ತು.
ಹಾಕಿದ್ದ ಕೋಟು ಕಳಚಿ ಮತ್ತೆ ಕೂತಳು.
ಮಾಲೀಕನ ಮೇಲಿನ ಸಿಟ್ಟಿಗೆ
ಆ ಮುದುಕನ ರೊಟ್ಟಿ ಯಾಕೆ
ಕಬ್ಬಿಣದ ಕಡಲೆಯಾಗಬೇಕು?

ಗೂಟದ ಕೋಟಿನೊಳಗೆ ಫೋನು ಗುಂಯ್ಗುಟ್ಟಿತು.
ಕೈಯೆಲ್ಲ ಮೇಣ.
ಆಮೇಲೆ ನೋಡಿದರಾಯಿತು.